ರುಚಿ ನೋಡೋ ಮುತ್ತುರಾಜ

ಗಂಡಿನ ಮನೆಯಲ್ಲಿ ಎಲೆ ಮುಂದೆ ಕೂತು, ಇಕ್ಕಿದ ಮುದ್ದೆಗೆ ಬೆರಳು ತಾಕಿಸದೆ ಎದ್ದು ಬಂದ ಅಂತ ಮುತ್ತುರಾಜನ ಮೇಲೆ ಮಾತು ಬಂದದ್ದು ಅವರೆಕಾಯಿ ಕಾಲದಲ್ಲಿ, ಚಳಿ ಚೆನ್ನಾಗಿ ಕಚ್ಚುತ್ತಿದ್ದಾಗ. ಬೇರೆ ಯಾರಾದರೂ ಆಗಿದ್ದರೆ ಮಾತು ಅಲ್ಲಿಗೇ ತಣ್ಣಗಾಗುತ್ತಿತ್ತು. ಇವನು ಹೆಣ್ಣಿನ ಸೋದರಮಾವ. ಹೆಣ್ಣಿಗೆ ಅಪ್ಪ ಇಲ್ಲ. ಅಪ್ಪನ ಜಾಗದಲ್ಲಿ ಕೂತು ಉಣ್ಣಬೇಕಾದವನು ಇವನೇ.

ಹೆಣ್ಣು ಸಂಘಮಿತ್ರಾ. ಪಾವಗಡ ಕಡೆ ತಿರುಮಣಿಯವಳು, ಸರ್ಕಾರಿ ಸ್ಕೂಲಿನಲ್ಲಿ ಟೀಚರು. ಹುಡುಗ ಯುವರಾಜನೂ ಟೀಚರೇ, ಕೊರಟಗೆರೆ ಪಕ್ಕದ ಹಳ್ಳಿಯವನು. ಯಾವುದೋ ಟ್ರೈನಿಂಗಿನಲ್ಲಿ ನೋಡಿ ಒಪ್ಪಿ, ಇಬ್ಬರೂ ಧೈರ್ಯವಾಗಿ ಮನೆಯಲ್ಲಿ ಹೇಳಿದ್ದರು. ಎರಡೂ ಮನೆಯ ಗೋಡೆ ಮೇಲೆ ಅಂಬೇಡ್ಕರ್ ಫೋಟೋ ಇದೆ. ಆದರೆ ಇವರು ಬಲಗೈ, ಅವರು ಎಡಗೈ. ಊರಿನವರು ಇಬ್ಬರನ್ನೂ ಒಟ್ಟಿಗೇ ಊರಾಚೆ ತಳ್ಳಿದ್ದರೂ ಆ ಊರಾಚೆಯಲ್ಲೂ ಎರಡು ಕೇರಿ. ಬಲಗೈ ಮುದುಕರು ಎಡಗೈಯವರ ಮನೆ ನೀರು ಮುಟ್ಟುತ್ತಿರಲಿಲ್ಲ. ನಾಚಿಕೆಗೇಡು, ಆದರೂ ಇದ್ದದ್ದು ಇದ್ದಂಗೆ ಹೇಳಬೇಕು.

ಅವತ್ತು ಹುಡುಗನ ತಾಯಿ ಲಕ್ಕಮ್ಮ ಅವರೆಕಾಯಿ ಸುಲಿದು, ಕಾಳು ನೆನೆಹಾಕಿ, ಸಿಪ್ಪೆ ಹಿತಕಿ, ಬಾಡಿನ ಸಾರಿಗೆ ಹಾಕಿದ್ದಳು. ಬೀದಿ ತುದಿಗೇ ಘಮ ಬರುತ್ತಿತ್ತು. ಮುತ್ತುರಾಜ ಎಲೆ ಮುಂದೆ ಕೂತ. ಹೊಟ್ಟೆ ಸರಿಯಿಲ್ಲ ಅಂದ. ಅಷ್ಟೇ ಆಗಿದ್ದರೆ ಏನೋ ನಂಬಬಹುದಿತ್ತು. ಬಾಯಿ ಒಣಗಿದಾಗ ಚೀಲದಿಂದ ತನ್ನದೇ ನೀರಿನ ಬಾಟಲಿ ತೆಗೆದು ಕುಡಿದುಬಿಟ್ಟ. ಲಕ್ಕಮ್ಮ ಇಟ್ಟ ಹಿತ್ತಾಳೆ ಚೊಂಬು ಪಕ್ಕದಲ್ಲೇ ಇತ್ತು.

ಹುಡುಗನ ಅಪ್ಪ ಗಂಗಹನುಮಯ್ಯ ಪಂಚಾಯ್ತಿಯಲ್ಲಿ ಬಿಲ್ ಕಲೆಕ್ಟರ್ ಆಗಿ ರಿಟೈರಾದವನು, ಹಳೇ ದಲಿತ ಸಂಘದ ಮನುಷ್ಯ. ವೀಳ್ಯ ಕೊಟ್ಟು ಕಳಿಸಿದ. ಆಮೇಲೆ ಮುತ್ತುರಾಜನ ಅಕ್ಕ ಪೆದ್ದಮ್ಮನಿಗೆ ಫೋನ್ ಮಾಡಿ, ಕೂಗಾಡದೆ, ಒಂದೇ ಮಾತು ಹೇಳಿದ.

“ಹುಡುಗಿ ಮೇಲೆ ನಮಗೇನಿಲ್ಲ ಕಣಮ್ಮ. ನಿನ್ನ ತಮ್ಮ ನಮ್ಮನೆ ನೀರೂ ಕುಡೀಲಿಲ್ಲ. ನಾಳೆ ನನ್ನ ಮೊಮ್ಮಕ್ಕಳು ಅವರಮ್ಮನ ಸೋದರಮಾವನ ಮನೆಗೆ ಹೋದ್ರೆ ಹೊರಗೆ ಕೂರಿಸ್ತಾನೇನೋ ಅಂತ ಭಯ.”

ಮುತ್ತುರಾಜನಿಗೆ ಅಂಥ ಯೋಚನೆ ಕನಸಲ್ಲೂ ಬಂದದ್ದಲ್ಲ. ಅವನು ಉಣ್ಣದೆ ಇದ್ದದ್ದು, ಹಿತ್ತಾಳೆ ಚೊಂಬಿನ ನೀರು ಮುಟ್ಟದೆ ಇದ್ದದ್ದು, ನಾಲಿಗೆ ಕೆಡಬಾರದು ಅಂತ. ಮಾರನೇ ಬೆಳಿಗ್ಗೆ ಅವನು ಬಿಯರ್ ರುಚಿ ನೋಡಬೇಕಿತ್ತು.

ಶಿರಾ ದಾಟಿ ಹೈವೇ ಪಕ್ಕದ ಹಳೇ ಗೋದಾಮೊಂದರಲ್ಲಿ ಸಣ್ಣ ಬಿಯರ್ ಫ್ಯಾಕ್ಟರಿ ನಡೆಯುತ್ತದೆ. ವೈನ್‌ಸ್ಟೋರಿನಲ್ಲಿ ಸಿಗುವ ಮಾಮೂಲಿ ಬಿಯರಲ್ಲ. ರಾಗಿ ಮೊಳಕೆ ಕಟ್ಟಿ, ಹುರಿದು, ಬಾರ್ಲಿ ಜೊತೆ ಬೇಯಿಸಿ, ಸ್ವಲ್ಪ ಸ್ವಲ್ಪವೇ ಮಾಡಿ ಬೆಂಗಳೂರಿನ ದೊಡ್ಡವರ ಪಬ್ಬುಗಳಿಗೆ ಕಳಿಸುವ ಮಾಲು. ಮುತ್ತುರಾಜ ಅಲ್ಲಿಗೆ ಸೇರಿದ್ದು ಟ್ಯಾಂಕ್ ತೊಳೆಯೋಕೆ. ಅದಕ್ಕೂ ಮುಂಚೆ ಪಾವಗಡದ ಕಡಲೆಕಾಯಿ ಮಿಲ್ಲಿನಲ್ಲಿದ್ದ. ಮೂಟೆ ಬಾಯಿಗೆ ಮೂಗಿಟ್ಟು, ಮುಗ್ಗು ಹಿಡಿದ ಬೀಜ ಬೇರೆ ಮಾಡುವುದು ಅಲ್ಲಿನ ಕೆಲಸ. ಫ್ಯಾಕ್ಟರಿಯಲ್ಲಿ ಬಿಯರ್ ಮಾಡಿಸುವ ಗೌರೀಶ್ ಒಂದು ಸಲ ಕೆಲಸದವರನ್ನೆಲ್ಲ ಕರೆದು, ಚಿಟಿಕೆ ಉಪ್ಪು, ಹನಿ ಹುಳಿ ಬೆರೆಸಿದ ನೀರಿನ ಲೋಟಗಳನ್ನು ಸಾಲಾಗಿಟ್ಟು ಪರೀಕ್ಷೆ ಮಾಡಿದ. ಐದಾರು ಜನ ಪಾಸಾದರು. ಇವನೂ ಒಬ್ಬ. ಅವತ್ತಿನಿಂದ ಟ್ಯಾಂಕಿನ ಜೊತೆಗೆ ರುಚಿ ನೋಡುವ ಕೆಲಸವೂ ಬಂತು.

ಹೊರಗಿನವರಿಗೆ ಇದು ಕುಡುಕನ ಸ್ವರ್ಗದಂಗೆ ಕಾಣುತ್ತದೆ. ಒಳಗೆ ಕೂತವನಿಗೆ ಗೊತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನಾಲಿಗೆ ಚುರುಕಾಗಿರುವಾಗ ಕೂರಿಸುತ್ತಾರೆ. ಒಬ್ಬನಿಗೂ ಇನ್ನೊಬ್ಬನಿಗೂ ನಡುವೆ ಹಲಗೆ. ಪಕ್ಕದವನ ಮುಖ ನೋಡಬಾರದು, ಹುಬ್ಬು ಏರಿಸಬಾರದು, ಆಹಾ ಅನ್ನಬಾರದು. ಒಬ್ಬನ ಮುಖ ಕಂಡರೆ ಇನ್ನೊಬ್ಬನ ನಾಲಿಗೆ ಸುಳ್ಳು ಹೇಳುತ್ತದಂತೆ. ತಲೆಗೆ ಎಣ್ಣೆ, ಮೈಗೆ ಸೆಂಟು, ಊದುಬತ್ತಿ ವಾಸನೆಯ ಬಟ್ಟೆ ಯಾವುದೂ ಕೂಡದು. ಮುಂದೆ ಸಣ್ಣ ಗ್ಲಾಸು, ಒಂದು ಚೂರು ಬ್ರೆಡ್ಡು, ಒಂದು ಲೋಟ ಸಪ್ಪೆ ನೀರು.

ಅದರಲ್ಲೂ ಚಳಿಗಾಲದ ಬಿಯರ್ ಬೇರೆಯೇ ಜಾತಿ. ಮಾಮೂಲಿಗಿಂತ ಎರಡು ಪಟ್ಟು ಗಟ್ಟಿ, ಮಲೆನಾಡಿನ ಕಾಫಿಯಂಗೆ ಕಪ್ಪು. ದೀಪಾವಳಿಗೂ ಮುಂಚೆ ಟ್ಯಾಂಕಿಗೆ ಬಿಟ್ಟರೆ ಚಳಿ ಬಲಿಯುವವರೆಗೂ ಸುಮ್ಮನೆ ಮಾಗಬೇಕು. ಬೇಸಿಗೆ ಬಿಯರಿನಂಗೆ ಐಸಿನಲ್ಲಿಟ್ಟು ಗಟಗಟ ಇಳಿಸುವುದಲ್ಲ. ತಣ್ಣಗಿದ್ದರೆ ಅದು ಬಾಯಿ ಬಿಡುವುದಿಲ್ಲ. ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಮೈ ಬಿಸಿ ಕೊಡಬೇಕು. ಮೊದಲು ಮೂಗು. ಹುರಿದ ರಾಗಿ ಬರುತ್ತದೆ, ಅದರ ಹಿಂದೆ ತಳ ಹತ್ತಿದ ಬೆಲ್ಲ. ಆಮೇಲೆ ಒಂದು ಗುಟುಕು, ನಾಲಿಗೆ ಮೇಲೆ ಹರಡಿ, ನುಂಗಬೇಕು. ಉಗಿಯುವಂತಿಲ್ಲ, ಯಾಕೆಂದರೆ ಕಹಿ ತಿಳಿಯುವುದು ಗಂಟಲಿನಲ್ಲಿ. ನುಂಗಿದ ಮೇಲೆ ಎದೆಯೊಳಗೆ ಬಿಸಿ ಇಳಿಯುತ್ತದೆ. ಆ ಬಿಸಿ ಕಂಬಳಿ ಹೊದ್ದಂಗಿದ್ದರೆ ಸರಿ, ಸ್ಪಿರಿಟ್ ಕುಡಿದಂಗೆ ಕುಟುಕಿದರೆ ಇನ್ನೂ ಮಾಗಬೇಕು. ಬೆಣ್ಣೆ ಕಾಸಿದ ವಾಸನೆ ಬಂದರೆ ತಪ್ಪು. ನೆನೆದ ರಟ್ಟಿನ ವಾಸನೆ ಬಂದರೆ ಎಲ್ಲೋ ಗಾಳಿ ಹೊಕ್ಕಿದೆ. ಗಟ್ಟಿ ಬಿಯರಿಗೆ ನಾಲಿಗೆ ಬೇಗ ಸೋಲುತ್ತದೆ. ನಾಲ್ಕನೇ ಗ್ಲಾಸಿಗೆ ಎಲ್ಲವೂ ಒಂದೇ ಥರ. ಹಾಗಾಗಿ ಬ್ರೆಡ್ಡು ಕಚ್ಚಿ, ನೀರು ಮುಕ್ಕಳಿಸಿ, ಸುಮ್ಮನೆ ಗೋಡೆ ನೋಡುತ್ತಾ ಕೂರಬೇಕು.

ಮುತ್ತುರಾಜ ಇದನ್ನೆಲ್ಲ ಕಲಿತ. ಕಲಿತದ್ದಕ್ಕಿಂತ ಹೆಚ್ಚಿಗೆ ಪಾಲಿಸಿದ. ಕೂರುವ ದಿನ ಖಾರ ಬೇಡ ಅಂದರೆ ಹಿಂದಿನ ದಿನವೂ ಬೇಡ ಅಂದುಕೊಂಡ. ಚಳಿಗಾಲದಲ್ಲಿ ಯಾವ ದಿನ ಕರೆಯುತ್ತಾರೋ ಗೊತ್ತಿಲ್ಲ ಅಂತ, ಅವರೆಕಾಯಿ ಬರುವ ಕಾಲಕ್ಕೆ ಅವರೆಕಾಯಿ ಬಿಟ್ಟ. ಅದರ ಸೊಗಡು ಸುಲಿದ ಕೈಯನ್ನೇ ಬಿಡಲ್ಲ, ನಾಲಿಗೆ ಬಿಡುತ್ತಾ? ಈರುಳ್ಳಿ ಬಿಟ್ಟ, ಬೆಳ್ಳುಳ್ಳಿ ಬಿಟ್ಟ, ಉಪ್ಪಿನಕಾಯಿ ಬಿಟ್ಟ. ಮದುವೆಗೆ ಹೋದರೆ ಮುಯ್ಯಿ ಕೊಟ್ಟು ಊಟಕ್ಕೆ ಮುಂಚೆ ಜಾಗ ಖಾಲಿ. ಬೀಗರೂಟಕ್ಕೆ ಕರೆದರೆ ಡ್ಯೂಟಿ ಐತೆ ಅಂದ. ಗೆಳೆಯರು ಮೊದಲು ಬೈದರು, ಆಮೇಲೆ ರೇಗಿಸಿದರು, ಆಮೇಲೆ ಕರೆಯುವುದನ್ನೇ ಬಿಟ್ಟರು. ಮದುವೆ ಅಂತೂ ಆಗಿರಲಿಲ್ಲ. ವಯಸ್ಸಿದ್ದಾಗ ಜಾಥಾ, ಧರಣಿ ಅಂತ ತಿರುಗಿದ, ತಿರುಗಾಟ ಮುಗಿಯೋ ಹೊತ್ತಿಗೆ ಕೂದಲು ಮುಗಿದಿತ್ತು. ಶಿರಾದ ಬಾಡಿಗೆ ರೂಮಿನಲ್ಲಿ ಬಿಳಿ ಅನ್ನ, ಮೊಸರು, ಬ್ರೆಡ್ಡು. ಓನರಮ್ಮ ಒಂದು ಸಲ ನಿಮಗೆ ಶುಗರ್ರಾ ಬೀಪೀನಾ ಅಂತ ಕೇಳಿದ್ದಳು. ಎರಡೂ ಅಂದಿದ್ದ.

ನಿಜ ಹೇಳಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಹೇಳೋಕೆ ಬಾಯಿ ಬರಲಿಲ್ಲ. ಅಕ್ಕನ ಗಂಡ ಸತ್ತದ್ದು ಪ್ಯಾಕೆಟ್ ಸಾರಾಯಿ ಕುಡಿದು, ಸಂಘಮಿತ್ರಾ ಇನ್ನೂ ಅಂಬೆಗಾಲಿಡುವಾಗ. ಹೆಣ ಎತ್ತಿದ ಮೇಲೆ ಪೆದ್ದಮ್ಮ ಅಪ್ಪನ ಜೊತೆ ಹೋಗಿ ಬೌದ್ಧ ದೀಕ್ಷೆ ತಗೊಂಡಳು. ಹುಣ್ಣಿಮೆ ಹುಣ್ಣಿಮೆಗೆ ಪಂಚಶೀಲ ಹೇಳುತ್ತಾಳೆ. ಐದನೇದು ಮದ್ಯ ಮುಟ್ಟಲ್ಲ ಅಂತ. ಆ ಐದನೇದನ್ನು ಹೇಳುವಾಗ ಅವಳ ದನಿ ಏರುವುದು ಕೇರಿಗೆಲ್ಲ ಗೊತ್ತು. ಅಂಥವಳ ಮುಂದೆ ಯಾವ ಮುಖ ಇಟ್ಟುಕೊಂಡು ಹೇಳುತ್ತಾನೆ? ಜ್ಯೂಸ್ ಕಂಪನೀಲಿ ಕ್ವಾಲಿಟಿ ನೋಡ್ತೀನಿ ಅಂದಿದ್ದ. ಅವಳು ಊರಿಗೆಲ್ಲ ಹಂಗೇ ಹೇಳಿಕೊಂಡಿದ್ದಳು.

ಗಂಗಹನುಮಯ್ಯನ ಫೋನ್ ಬಂದ ಎರಡು ದಿನಕ್ಕೆ ಪೆದ್ದಮ್ಮ ತಿರುಮಣಿಯಿಂದ ಬಸ್ಸು ಬದಲಾಯಿಸಿಕೊಂಡು ಶಿರಾಕ್ಕೆ ಬಂದಳು. ಹೊಲವೆಲ್ಲ ಸೋಲಾರ್ ಹಲಗೆಗಳ ಕೆಳಗೆ ಹೋದ ಮೇಲೆ ಅವಳಿಗೆ ಬೆಳಗಿನ ಕೆಲಸ ಇಲ್ಲ, ಸಿಟ್ಟು ಮಾಡಿಕೊಳ್ಳೋಕೆ ಪುರುಸೊತ್ತು ಬೇಕಾದಷ್ಟಿದೆ. ರೂಮಿನ ಬಾಗಿಲಲ್ಲೇ ನಿಂತು ಸುತ್ತ ನೋಡಿದಳು. ಒಗ್ಗರಣೆ ವಾಸನೆಯೇ ಇಲ್ಲದ ಮನೆ. ಸ್ಟೌವ್ ಮೇಲೆ ಒಂದು ಎಣ್ಣೆ ಕಲೆ ಇಲ್ಲ.

“ಏನ್ಲಾ ಮುತ್ತಾ, ಅಪ್ಪ ಸತ್ತ ಮೇಲೆ ನಿಂಗೆ ಕುಲ ಬಂತಾ?”

ಹೊಟ್ಟೆ ಸರಿಯಿರಲಿಲ್ಲ ಕಣಕ್ಕ ಅಂತ ಶುರು ಮಾಡಿದ. ಅವಳು ಮುಗಿಸೋಕೆ ಬಿಡಲಿಲ್ಲ.

“ನಿನ್ನ ಹೊಟ್ಟೆ ನಂಗೊತ್ತಿಲ್ವೇನ್ಲಾ? ಕಲ್ಲು ಹಾಕಿದ್ರೂ ಅರಗಿಸ್ತಿದ್ದೆ. ಯಾರ ಮಗ ಅನ್ನೋದಾದ್ರೂ ನೆಪ್ಪೈತಾ?”

ನೆನಪಿರದೆ ಏನು. ಅವರಪ್ಪ ಕದಿರಯ್ಯ ಐ.ಡಿ.ಹಳ್ಳಿ ಕಡೆಯ ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಟೀ ಕುಡಿಯಲ್ಲ ಅಂತ ಕೂತು, ಸೌದೆಯಲ್ಲಿ ಏಟು ತಿಂದು, ಮಾರನೇ ದಿನ ತಲೆಗೆ ಬಟ್ಟೆ ಸುತ್ತಿಕೊಂಡು ಹೋಗಿ ಅದೇ ಬೆಂಚಿನಲ್ಲಿ ಕೂತವನು. ಎಡಗೈ ಕೇರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ನೆಲದ ಮೇಲೆ ಕೂರಿಸಿ ಉಣ್ಣಿಸಿದವನು. ಯಾರು ಪ್ರೀತಿಯಿಂದ ಇಕ್ಕಿದರೂ ಉಣ್ಣದೆ ಎದ್ದು ಬರಬಾರದು ಅನ್ನುವುದೊಂದೇ ಅವನು ಮಕ್ಕಳಿಗೆ ಹೇಳಿಕೊಟ್ಟ ಶಾಸ್ತ್ರ. ಆ ಮಗನೇ ಈಗ ಬಾಟಲಿ ನೀರು ಕುಡಿದು ಬಂದಿದ್ದ.

ಪೆದ್ದಮ್ಮ ಚಾಪೆ ಮೇಲೆ ಕೂರಲಿಲ್ಲ. ನಿಂತೇ ಹೇಳಿದಳು. ಸಂಘಮಿತ್ರಾ ಸ್ಕೂಲಿಗೆ ಹೋಗ್ತಾಳೆ, ಬರ್ತಾಳೆ, ಯಾರ ಜೊತೆಗೂ ಮಾತಿಲ್ಲ. ನಾನೇ ಗಂಗಹನುಮಯ್ಯನ ಕಾಲಿಗೆ ಬೀಳೋದು ಬಾಕಿ, ಹಂಗೆ ಬೇಡಿಕೊಂಡು ಇನ್ನೊಂದು ಊಟಕ್ಕೆ ಒಪ್ಪಿಸಿದ್ದೀನಿ. ಶನಿವಾರ ಮಧ್ಯಾಹ್ನ. ಇದು ತಪ್ಪಿದರೆ ಸಂಬಂಧ ಮುರಿದಂಗೆ.

“ಬಂದು ಉಣ್ಣು. ಉಣ್ಣಕ್ಕಾಗಲ್ಲ ಅಂದ್ರೆ ಬರಲೇ ಬ್ಯಾಡ. ನಂಗೆ ತಮ್ಮ ಇಲ್ಲ ಅಂತ ಹೇಳ್ಬುಡ್ತೀನಿ.”

ಶನಿವಾರವೇ ಚಳಿಗಾಲದ ಬಿಯರಿನ ಕೊನೇ ರುಚಿ. ಎರಡು ಟ್ಯಾಂಕು ಮಾಗಿ ನಿಂತಿದ್ದವು. ಒಂದು ಬರೀ ಹುರಿದ ರಾಗಿಯದು, ಇನ್ನೊಂದಕ್ಕೆ ಬೆಲ್ಲ ಬಿದ್ದಿತ್ತು. ಯಾವುದು ಬಾಟಲಿಗೆ ಇಳಿಯಬೇಕು ಅಂತ ಅವತ್ತು ತೀರ್ಮಾನ, ಸಂಜೆಗೆ ಬೆಂಗಳೂರಿಗೆ ಲೋಡು. ಮುತ್ತುರಾಜ ಮೊದಲ ದಿನದಿಂದ ಅದರ ಜೊತೆಗಿದ್ದ. ಹಸಿಯಾಗಿದ್ದಾಗ ಕುಟುಕಿದ್ದು, ವಾರ ವಾರಕ್ಕೆ ಮೆತ್ತಗಾದದ್ದು, ಕಹಿ ಒಳಗಿಂದ ಬೆಲ್ಲ ಮೆಲ್ಲಗೆ ತಲೆ ಎತ್ತಿದ್ದು, ಎಲ್ಲ ಅವನ ನಾಲಿಗೆಗೆ ಗೊತ್ತಿತ್ತು. ಹೇಳಿಕೊಳ್ಳೋಕೆ ಬೇರೆ ಯಾರ ಜೊತೆಗೂ ಅಷ್ಟು ಒಡನಾಟ ಇರಲಿಲ್ಲ. ಬೆಳಿಗ್ಗೆ ರುಚಿ ನೋಡಿ ಮಧ್ಯಾಹ್ನ ಊಟಕ್ಕೆ ಹೋಗೋಣ ಅಂದರೆ ಅಷ್ಟು ಗಟ್ಟಿ ಮಾಲು ಬಾಯಲ್ಲಿ ನಾರುತ್ತಾ ಬೀಗರ ಮನೆ ಹೊಕ್ಕಂಗಾಗುತ್ತದೆ. ಹಂಗೆ ಹೋಗೋದಕ್ಕಿಂತ ಹೋಗದೆ ಇರೋದೇ ಮೇಲು.

ಶುಕ್ರವಾರ ಟ್ಯಾಂಕ್ ತೊಳೆದು ಮುಗಿಸಿ ಗೌರೀಶನ ಹತ್ತಿರ ಹೋದ. ಗೌರೀಶ್ ಇವನಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ಮಾತು ನೇರ. ನಾಳೆ ಕೂರಕ್ಕಾಗಲ್ಲ ಸಾರ್, ಅಕ್ಕನ ಮಗಳ ಮದುವೆ ಮಾತು, ಉಣ್ಣಲೇಬೇಕು ಅಂದ ಮುತ್ತುರಾಜ. ಹೋದ ಸಲ ಉಣ್ಣದೆ ಬಂದು ಆದ ರಾಮಾಯಣವನ್ನೂ ಹೇಳಿದ. ಗೌರೀಶ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.

“ಮುತ್ತುರಾಜಣ್ಣ, ಹಿಂದಿನ ದಿನ ಉಣ್ಣಬೇಡಿ ಅಂತ ನಿಮಗೆ ಯಾರು ಹೇಳಿದ್ರು?”

“ನೀವೇ ಹೇಳಿದ್ರಲ್ಲ ಸಾರ್, ಖಾರ ಬ್ಯಾಡ ಅಂತ.”

“ಕೂರೋಕೆ ಒಂದು ಗಂಟೆ ಮುಂಚೆ ಬೇಡ ಅಂದೆ. ಅಷ್ಟೇ. ನಾನೇ ನಿನ್ನೆ ರಾತ್ರಿ ಬಿರಿಯಾನಿ ಹೊಡೆದಿದ್ದೀನಿ.”

ಪಕ್ಕದಲ್ಲಿ ಬಾಟಲಿ ಕ್ರೇಟು ಜೋಡಿಸುತ್ತಿದ್ದವನೊಬ್ಬ ನಕ್ಕ. ತಾನು ಕೂರುವ ದಿನವೂ ಬೆಳಿಗ್ಗೆ ಚಿತ್ರಾನ್ನ ತಿಂದೇ ಬರುತ್ತೀನಿ ಅಂದ. ಮುತ್ತುರಾಜನೂ ನಕ್ಕ, ನಗದೆ ಇದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ ಅಂತ.

ಸಂಘದಲ್ಲಿ ಬೆಳೆದವನ ಹಣೆಬರಹ ಇದು. ಚಪ್ಪಲಿ ಇಲ್ಲದೆ ನಡೀತೀನಿ ಅಂತ ಮಾತು ಕೊಟ್ಟರೆ ಮಧುಗಿರಿಯಿಂದ ತುಮಕೂರಿನ ತನಕ ಬರಿಗಾಲಲ್ಲೇ ನಡೆದವರು. ಉಪವಾಸ ಅಂದರೆ ನೀರಿಗೆ ಸಕ್ಕರೆಯೂ ಹಾಕಿಕೊಳ್ಳದವರು. ಅಂಥವನಿಗೆ ಬೆಳಿಗ್ಗೆ ಉಪ್ಪಿನಕಾಯಿ ತಿನ್ನಬೇಡಪ್ಪ ಅಂದರೆ ಅದನ್ನು ವ್ರತ ಮಾಡಿಕೊಂಡು ಕೂತ. ಯಾರೂ ಕಟ್ಟದ ಬೇಲಿ. ಒಳಗೆ ಕೂತಿದ್ದವನು ಅವನೊಬ್ಬನೇ. ಎಷ್ಟು ಎಲೆಗಳ ಮುಂದಿನಿಂದ ಎದ್ದು ಬಂದೆ ಅಂತ ಅವತ್ತು ದಾರಿಯುದ್ದಕ್ಕೂ ಯೋಚಿಸಿದ. ಯೋಚಿಸಿ ಆಗಬೇಕಾದ್ದು ಏನೂ ಇರಲಿಲ್ಲ.

ನಾಳೆ ನಿಮ್ಮ ಜಾಗದಲ್ಲಿ ಬೇರೆಯವರನ್ನ ಕೂರಿಸ್ತೀನಿ, ಲೋಡು ನಿಲ್ಲಿಸೋಕಾಗಲ್ಲ ಅಂದಿದ್ದ ಗೌರೀಶ್. ಆಗಲಿ ಅಂದಿದ್ದ.

ಶನಿವಾರ ಚಳಿ ಬಿಸಿಲಲ್ಲಿ ಬಸ್ಸು ಹಿಡಿದು ಹೋದ. ಚೀಲ ಒಯ್ಯಲಿಲ್ಲ. ಪೆದ್ದಮ್ಮ, ಸಂಘಮಿತ್ರಾ ಆಗಲೇ ಬಂದಿದ್ದರು. ಹುಡುಗಿ ಇವನ ಮುಖ ನೋಡಿ ತಲೆ ಬಗ್ಗಿಸಿದಳು. ಗಂಗಹನುಮಯ್ಯ ಬೇಕೆಂದೇ ಇವನ ಪಕ್ಕಕ್ಕೆ ಎಲೆ ಹಾಕಿಸಿಕೊಂಡು ಕೂತ. ಮುತ್ತುರಾಜ ಯಾರೂ ಕೇಳುವ ಮುಂಚೆ ಚೊಂಬು ಎತ್ತಿ ನೀರು ಕುಡಿದ. ಆಮೇಲೆ ಮುದ್ದೆ ಮುರಿದ.

ಮನೆ ಪೂರಾ ಅವನ ಕೈ ನೋಡುತ್ತಿತ್ತು. ಮೊದಲ ತುತ್ತು ಒಳಗೆ ಹೋದಾಗ ಅವನಿಗೆ ಗೊತ್ತಾದದ್ದು, ತನ್ನ ನಾಲಿಗೆ ಉಣ್ಣುವುದನ್ನೇ ಮರೆತಿದೆ ಅಂತ. ಮೂಗು ತಾನಾಗೇ ಸಾರಿನ ಮೇಲೆ ಬಗ್ಗಿತು. ಉಪ್ಪು ಸರಿ. ಖಾರ ಮುಂದೆ ಬರುತ್ತದೆ, ಹುಳಿ ತಡ. ನುಂಗಿದ ಮೇಲೆ ಕಾಳಿನ ಸಿಹಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹತ್ತಕ್ಕೆ ಇಷ್ಟು ಅಂತ ಒಳಗೆ ಯಾರೋ ಮಾರ್ಕು ಹಾಕುತ್ತಿದ್ದರು. ಅವನು ಎಷ್ಟು ತಡೆದರೂ ಅದು ನಿಲ್ಲಲಿಲ್ಲ. ಹಸಿದ ಮನುಷ್ಯ ತುತ್ತು ನುಂಗುವಂಗೆ ನುಂಗೋಕೆ ಆಗಲೇ ಇಲ್ಲ.

ಹೆಂಗೈತಣ್ಣ ಸಾರು ಅಂತ ಲಕ್ಕಮ್ಮ ಕೇಳಿದಳು. ಕೆಲಸದ ಮಾತುಗಳೆಲ್ಲ ತುಟಿ ತನಕ ಬಂದವು. ಚೆನ್ನಾಗೈತಮ್ಮ ಅಂದ. ಇನ್ನೊಂದು ಸೌಟು ಬಿಡಿಸಿಕೊಂಡ.

ಗಂಗಹನುಮಯ್ಯನ ಮುಖ ಅಷ್ಟಕ್ಕೆ ಅರ್ಧ ಸಡಿಲಾಯಿತು. ಆದರೂ ಬಿಲ್ ಕಲೆಕ್ಟರ್ ಬುದ್ಧಿ, ಬಾಕಿ ಬಿಡುವವನಲ್ಲ.

“ಎಲ್ಲ ಸರಿ ಕಣಪ್ಪ. ಅವತ್ತು ಯಾಕೆ ಉಣ್ಣಲಿಲ್ಲ? ಹೊಟ್ಟೆ ಅನ್ನಬ್ಯಾಡ. ಹೊಟ್ಟೆ ಕೆಟ್ಟೋನ ಮುಖ ನಂಗೊತ್ತು.”

ಮುತ್ತುರಾಜ ಅಕ್ಕನ ಕಡೆ ನೋಡಿದ. ಅವಳು ಹುಡುಗಿ ಎಲೆಗೆ ಅನ್ನ ಹಾಕುತ್ತಿದ್ದಳು. ಇನ್ನೊಂದು ಸುಳ್ಳು ಹೇಳಬಹುದಿತ್ತು. ಈ ಮುದುಕ ನಂಬುತ್ತಿರಲಿಲ್ಲ. ನಂಬದಿದ್ದರೆ ಅವನಿಗೆ ಉಳಿಯುವುದು ಕುಲದ ಕಾರಣ ಒಂದೇ.

“ನಂದು ಬಿಯರ್ ರುಚಿ ನೋಡೋ ಕೆಲಸ ಕಣಣ್ಣ, ಶಿರಾದಾಗೆ. ನಾಲಿಗೆ ಕೆಟ್ಟೋಯ್ತದೆ ಅಂತ ಹೊರಗೆ ಎಲ್ಲೂ ಉಣ್ಣಲ್ಲ. ಅಕ್ಕನ ಮನೇಲೂ ಉಂಡಿಲ್ಲ. ನಿಮ್ಮನೆ ಅಂತಲ್ಲ.”

ಮೊದಲು ನಕ್ಕವನು ಯುವರಾಜ. ಆಮೇಲೆ ಗಂಗಹನುಮಯ್ಯ ನಕ್ಕ, ನಗುತ್ತಾ ನಗುತ್ತಾ ಕೆಮ್ಮು ಹತ್ತಿ, ಲಕ್ಕಮ್ಮ ಬೆನ್ನು ತಟ್ಟಬೇಕಾಯಿತು.

“ಸಾರಾಯಿ ಅಂಗಡಿ ಮುಚ್ಚಿ ಅಂತ ಮುಂದೆ ಕೂತು ಲಾಠಿ ಏಟು ತಿಂದೋರು ನಾವು. ಈಗ ನಮ್ಮೋನಿಗೆ ಕುಡಿಯಕ್ಕೇ ಸಂಬಳ ಕೊಡ್ತಾರಾ?”

“ಕುಡಿಯಕ್ಕಲ್ಲಣ್ಣ. ಹೆಂಗೈತೆ ಅಂತ ಹೇಳಕ್ಕೆ.”

“ಅದನ್ನ ಹೇಳೋಕೆ ಮನುಷ್ಯ ಬ್ಯಾರೆ ಇಟ್ಟವ್ರಾ,” ಅಂದ ಗಂಗಹನುಮಯ್ಯ ಕಣ್ಣೊರೆಸಿಕೊಂಡು. ಅನುಮಾನ ಅಲ್ಲಿಗೆ ಹೋಯಿತು. ಕುಡುಕ ಬೀಗನನ್ನು ಅವನು ಸಹಿಸಬಲ್ಲ, ನೀರು ಮುಟ್ಟದ ಬೀಗನನ್ನಲ್ಲ. ಕೈ ತೊಳೆಯುವ ಮುಂಚೆಯೇ ಮದುವೆ ಮಾಘ ಹುಣ್ಣಿಮೆಗೆ ಅಂತಾಯಿತು. ಸಂಘಮಿತ್ರಾ ಒಳಗೆ ಹೋದಳು. ಅವಳು ಅತ್ತದ್ದು ಹೊರಗೆ ಕೇಳಿಸುತ್ತಿತ್ತು, ಇದು ಭಾರ ಇಳಿದ ಅಳು.

ಪೆದ್ದಮ್ಮ ನಗಲಿಲ್ಲ. ಎಲೆಯನ್ನು ಅರ್ಧಕ್ಕೇ ಮಡಚಿದಳು.

ಬರುವಾಗ ಮೂವರೂ ಒಂದೇ ಬಸ್ಸು. ಅವಳು ಕಿಟಕಿ ಕಡೆ ತಿರುಗಿ ಕೂತಿದ್ದಳು. ಮಧುಗಿರಿಯಲ್ಲಿ ದಾರಿ ಒಡೆಯುತ್ತದೆ, ಅವರಿಗೆ ಪಾವಗಡದ ಬಸ್ಸು, ಇವನಿಗೆ ಶಿರಾದ್ದು. ಹುಡುಗಿ ಬಾಳೆಹಣ್ಣು ತರಲು ಅಂಗಡಿ ಕಡೆ ಹೋದಾಗ ಪೆದ್ದಮ್ಮ ಸೆರಗು ಬಿಗಿಮಾಡಿಕೊಂಡು ಮಾತು ತೆಗೆದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

“ಮದುವೆಗೆ ಬಾ. ಪಂಚಶೀಲ ಹೇಳೋ ಹೊತ್ನಾಗೆ ಹುಡುಗಿ ಪಕ್ಕ ನಿಂತ್ಕೋಬ್ಯಾಡ. ಹಿಂದೆ ಎಲ್ಲಾದ್ರೂ ನಿಂತಿರು.”

“ಆಯ್ತು ಕಣಕ್ಕ.”

“ಆ ಕೆಲಸ ಬುಡು ಅಂತ ನಾ ಹೇಳಕಿಲ್ಲ. ನಿನ್ನ ಹೊಟ್ಟೆಪಾಡು. ನನ್ನ ಬಾಯಾಗೆ ಆ ಐದನೇದು ಬರುವಾಗ ನೀನು ಎದುರಿಗಿದ್ರೆ ನಂಗೆ ಆಗಕಿಲ್ಲ.”

ಅವನು ತಲೆ ಆಡಿಸಿದ. ಪಾವಗಡದ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗತೊಡಗಿದ. ಸಂಘಮಿತ್ರಾ ಓಡಿ ಬಂದು ಹತ್ತಿ ಸೀಟು ಹಿಡಿದಳು. ಪೆದ್ದಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು ತಿರುಗಿದಳು. ಗಂಡ ಬದುಕಿದ್ದಾಗ ಕೇಳದೆ ಇಷ್ಟು ವರ್ಷ ಉಳಿಸಿಕೊಂಡದ್ದನ್ನು ಈಗ ತಮ್ಮನನ್ನು ಕೇಳುತ್ತಿದ್ದಳು.

“ಅದ್ರಾಗೆ ಏನ್ ರುಚಿ ಇರ್ತದ್ಲಾ? ನಿಂಗೊತ್ತಲ್ಲ, ಹೇಳು.”

ಸಂಬಳ ತಗೊಂಡು ಹೇಳುವ ಮಾತು ಅವನಲ್ಲಿ ಬೇಕಾದಷ್ಟಿತ್ತು. ಈ ಒಬ್ಬಳಿಗೆ ಹೇಳುವಂಥದ್ದು ಹುಡುಕಿದ.

“ಮೊದಲು ಹೊತ್ತಿದ ಬೆಲ್ಲದಂಗೆ. ಆಮೇಲೆ ಕಹಿ ಕಣಕ್ಕ.”

ಅವಳು ಅವನನ್ನು ನೋಡಿದಳು. ಸತ್ತ ಗಂಡನನ್ನು ನೋಡಿದಂಗಿತ್ತು.

“ಅಷ್ಟಕ್ಕೇನಾ?” ಅಂದು, ಬಸ್ಸು ಹತ್ತಿದಳು.